ನಾವು ತರಗತಿಗೆ ಬರುತ್ತೇವೆ, ಶಿಕ್ಷಕರ ಲೆಕ್ಕಕ್ಕೆ ನಮ್ಮನ್ನು ಸೇರಿಸಬೇಡಿ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ, ಇಲಾಖೆಯ ಹಿರಿಯ ಅಧಿಕಾರಿಗಳಿಗೆ, ಜೊತೆಗೆ ಮಂಡ್ಯ ಸೀಮೆಯ ಸರ್ಕಾರಿ ಶಾಲೆಗಳಿಗೆ ಮಕ್ಕಳನ್ನು ಕಳಿಸುವ ಎಲ್ಲ ಅಪ್ಪ ಅಮ್ಮಂದಿರಿಗೆ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾವು ಕೆಲವು ಪೋಷಕರು ಬಿಡುವಾದಾಗ ತರಗತಿಯೊಳಗೆ ಹೋಗಿ ಕೂರುತ್ತೇವೆ. ಮಕ್ಕಳು ಓದುವುದನ್ನು ಕೇಳುತ್ತೇವೆ. ಕಾರ್ಡು ಎತ್ತಿಡುತ್ತೇವೆ. ಪೆನ್ಸಿಲ್ ಹೆರೆದು ಕೊಡುತ್ತೇವೆ. ಕಥೆ ಗೊತ್ತಿದ್ದವರು ಕಥೆ ಹೇಳುತ್ತಾರೆ. ಇದಕ್ಕೆ ಯಾರೂ ಕಾಸು ಕೇಳಿಲ್ಲ, ಕೇಳುವುದೂ ಇಲ್ಲ. ಆದರೆ ಈಚೆಗೆ ಶಾಲೆಗೆ ಭೇಟಿ ಕೊಟ್ಟ ಅಧಿಕಾರಿಯೊಬ್ಬರು ನಮ್ಮನ್ನು ನೋಡಿ ಖುಷಿಪಟ್ಟು, ಹೆಡ್ ಮೇಷ್ಟ್ರಿಗೆ ಒಂದು ಮಾತು ಹೇಳಿದರು. ‘ಹೇಗೂ ತಾಯಂದಿರು ಬಂದು ನೋಡ್ಕೋತಾರಲ್ಲ, ನಿಮಗೆ ಅತಿಥಿ ಶಿಕ್ಷಕರು ಬೇರೆ ಯಾಕೆ? ಕಷ್ಟದಲ್ಲಿರೋ ಶಾಲೆಗೆ ಕೊಡೋಣ.’

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಅವರ ಮೇಲೆ ದೂರು ಹೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಆದರೆ ಅಂದು ಸಂಜೆ ಅಲ್ಲಿದ್ದ ತಾಯಂದಿರೆಲ್ಲ ಒಂದೇ ಪ್ರಶ್ನೆ ಕೇಳಿದರು. ‘ಹಂಗಾದ್ರೆ ನಾವು ಬರದೇ ಇದ್ದಿದ್ರೇ ಚೆನ್ನಾಗಿತ್ತಾ?’ ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು. ನನ್ನ ಕೈಲಿ ಆಗಲಿಲ್ಲ.

ನಮ್ಮ ಶಾಲೆಯ ಸ್ಥಿತಿ ಸ್ವಲ್ಪ ಹೇಳಬೇಕು. ವಿಶ್ವೇಶ್ವರಯ್ಯ ನಾಲೆಯ ಬಯಲಿನ ಹಳ್ಳಿ ನಮ್ಮದು. ಕಬ್ಬು, ಭತ್ತ, ಹಾಲು, ಇಷ್ಟರಲ್ಲೇ ಜೀವನ. ಕೆಲವು ಹೆಂಗಸರು ಬೆಳಕು ಹರಿಯುವ ಹೊತ್ತಿಗೇ ವ್ಯಾನ್ ಹತ್ತಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಸ್ವಲ್ಪ ಅನುಕೂಲ ಇರುವವರ ಮಕ್ಕಳು ಹಳದಿ ಬಸ್ಸಿನಲ್ಲಿ ಪಟ್ಟಣದ ಇಂಗ್ಲಿಷ್ ಶಾಲೆಗೆ ಹೋಗುತ್ತವೆ. ಉಳಿದ ಮಕ್ಕಳು ಊರ ಶಾಲೆಗೆ. ಒಂದರಿಂದ ಐದನೇ ಕ್ಲಾಸಿನವರೆಗೆ ಸೇರಿದರೂ ಅರವತ್ತು ದಾಟುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 90ರವರೆಗೆ ಮೂವರು. ಹಾಗಾಗಿ ನಮಗೆ ಇಬ್ಬರು. ಮೂವತ್ತು ಮಕ್ಕಳಿಗೆ ಒಬ್ಬರು ಅಂದರೆ ಕೇಳುವುದಕ್ಕೆ ಚೆನ್ನಾಗೇ ಇದೆ. ಆದರೆ ಆ ಇಬ್ಬರ ಮುಂದೆ ಇರುವುದು ಐದು ತರಗತಿ. ಒಬ್ಬರು ಒಂದರಿಂದ ಮೂರರವರೆಗಿನ ಮಕ್ಕಳು ಒಟ್ಟಿಗೆ ಕೂತು ಕಲಿಯುವ ನಲಿಕಲಿ ಕೋಣೆ ನೋಡುತ್ತಾರೆ, ಇನ್ನೊಬ್ಬರು ನಾಲ್ಕು ಮತ್ತು ಐದು. ಅವರಲ್ಲೇ ಒಬ್ಬರು ಹೆಡ್ ಮೇಷ್ಟ್ರೂ ಹೌದು. ಇವತ್ತು ಮೊಟ್ಟೆ ಎಷ್ಟು ಬೆಂದವು, ಹಾಲಿನ ಪುಡಿ ಎಷ್ಟು ಉಳಿದಿದೆ, ಯಾವ ಮಗುವಿನ ಆಧಾರ್ ಸರಿಯಿಲ್ಲ, ಎಲ್ಲವನ್ನೂ ಅವರೇ ಬರೆಯಬೇಕು, ಅವರೇ ಮೊಬೈಲಿನಲ್ಲಿ ಹಾಕಬೇಕು. ಜವಾನ ಇಲ್ಲ, ಗುಮಾಸ್ತ ಇಲ್ಲ. ವರ್ಗಾವಣೆಯಲ್ಲಿ ಒಂದು ಹುದ್ದೆ ಖಾಲಿಯಾದರೆ ಅತಿಥಿ ಶಿಕ್ಷಕರೇ ಗತಿ.

ಇಬ್ಬರಲ್ಲಿ ಒಬ್ಬರು ತರಬೇತಿಗೋ ಮತದಾರರ ಪಟ್ಟಿ ಕೆಲಸಕ್ಕೋ ಹೋದ ದಿನ ಐದೂ ಕ್ಲಾಸು ಒಬ್ಬರ ಮೇಲೆ. 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯಿತಲ್ಲ, ಆಗ ಇಬ್ಬರೂ ಮನೆಮನೆ ಸುತ್ತಿದರು. ಗಣತಿ ಮುಗಿಯಲಿಲ್ಲ ಅಂತ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದಿರಿ. ಅದರ ಬೆನ್ನಿಗೇ ದೀಪಾವಳಿ. ಸಮೀಕ್ಷೆ ಬೇಡ ಅಂತ ನಾನು ಹೇಳುವುದಿಲ್ಲ, ಅದು ಬೇಕಾದ ಕೆಲಸವೇ. ಆದರೆ ಶಿಕ್ಷಕರನ್ನು ಯಾವ ಯಾವ ಹೊರಗಿನ ಕೆಲಸಕ್ಕೆ ಹಚ್ಚಬಹುದು ಅಂತ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಹೇಳುತ್ತದೆ. ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಮೂರೇ. ಅದನ್ನು ಓದಿದ ಮೇಲೆ ನನ್ನಂಥವರಿಗೆ ಗೊಂದಲ ಆಗುವುದು ಸಹಜ ಅಲ್ವಾ?

ಹಬ್ಬ ಮುಗಿಸಿ ಮಕ್ಕಳು ಶಾಲೆಗೆ ಬಂದಾಗ ಎರಡನೇ ಕ್ಲಾಸಿನ ಎಷ್ಟೋ ಮಕ್ಕಳಿಗೆ ಒತ್ತಕ್ಷರ ಮರೆತೇಹೋಗಿತ್ತು. ‘ಬೆಕ್ಕು’ ಅನ್ನುವುದನ್ನು ‘ಬೆಕು’ ಅಂತ ಬರೆಯುತ್ತಿದ್ದವು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ನಲಿಕಲಿ ಟೀಚರ್ ಇದನ್ನೇ ಹೇಳಿಕೊಂಡು, ಯಾರಾದರೂ ಬಂದು ಮಕ್ಕಳ ಪಕ್ಕ ಕೂತು ಓದಿಸಿದರೂ ಸಾಕು ಅಂದರು. ನಾವು ಒಳಗೆ ಹೋಗಿದ್ದು ಹಾಗೆ. ನಾನು ಪಿಯುಸಿ ಮುಗಿಸಿ, ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮೆಷಿನ್ ನಿಲ್ಲಿಸಿ ಒಂದು ಗಂಟೆ ಬರಬಲ್ಲೆ. ಹಾಗೆ ಬರಬಲ್ಲವರು ಇನ್ನೂ ಕೆಲವರು ಸಿಕ್ಕರು.

ನಲಿಕಲಿ ಕೋಣೆಯ ಒಳಗೆ ಕೂತು ನೋಡಿರದವರಿಗೆ ಅಲ್ಲಿ ಏನು ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು. ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶಿಕ್ಷಕರೇ ಸೇರಿ ಕಟ್ಟಿ ಬೆಳೆಸಿದ ಪದ್ಧತಿ. ಆಮೇಲೆ ಇಡೀ ರಾಜ್ಯಕ್ಕೆ ಹೋಯಿತು. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ, ಗುಂಪು ಗುಂಪಾಗಿ ಕೂರುತ್ತಾರೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಕರಿಹಲಗೆ. ತಲೆಯ ಮೇಲೆ ದಾರ ಕಟ್ಟಿದ ಕಲಿಕಾ ಚಪ್ಪರ, ಅದರಲ್ಲಿ ಮಕ್ಕಳು ಬರೆದ ಚಿತ್ರಗಳು ತೂಗುತ್ತವೆ. ಗೋಡೆಯ ಮೇಲೆ ಕಲಿಕಾ ಏಣಿ. ಯಾವ ಮಗು ಏಣಿಯ ಯಾವ ಮೆಟ್ಟಿಲಲ್ಲಿದೆಯೋ ಅದಕ್ಕೆ ತಕ್ಕ ಕಾರ್ಡು ಎತ್ತಿಕೊಂಡು ತನ್ನ ಗುಂಪಿಗೆ ಹೋಗಬೇಕು. ಒಂದು ಗುಂಪಿಗೆ ಟೀಚರ್ ಪೂರ್ತಿ ಸಹಾಯ ಮಾಡುತ್ತಾರೆ. ಇನ್ನೊಂದಕ್ಕೆ ಅರ್ಧ ಸಹಾಯ. ಬೇರೆ ಗುಂಪುಗಳಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ.

ಕಾಗದದ ಮೇಲೆ ಇದು ಎಷ್ಟು ಚೆಂದ! ಕೋಣೆಯಲ್ಲೂ ಚೆಂದವೇ, ಟೀಚರ್ ತಲೆಯೆತ್ತಿ ನೋಡಲು ಬಿಡುವಿದ್ದರೆ. ಅವರು ಪೂರ್ತಿ ಸಹಾಯದ ಗುಂಪಿನಲ್ಲಿ ಕೂತರೆ ಉಳಿದ ಗುಂಪುಗಳಲ್ಲಿ ಕಾರ್ಡು ಹಾರಾಡುತ್ತಿರುತ್ತದೆ. ಅಷ್ಟರಲ್ಲಿ ಯಾವುದೋ ಮಾಹಿತಿ ತಕ್ಷಣ ಕಳಿಸಿ ಅಂತ ಫೋನು ಬರುತ್ತದೆ. ಅಲ್ಲಿ ನಮ್ಮಂಥ ಒಬ್ಬರು ಸುಮ್ನೆ ಕೂತರೂ ಸಾಕು, ಕೋಣೆಯ ಗದ್ದಲ ಇಳಿಯುತ್ತದೆ.

ನಮಗೆ ಸಿಕ್ಕ ಅತಿ ಒಳ್ಳೆಯ ಕೆಲಸ ಓದಿಸಿ ಕೇಳುವುದು. ಲೆಕ್ಕ ಹಾಕಿ ನೋಡಿ. ಮೂವತ್ತು ಮಕ್ಕಳಿಂದ ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದಿಸಿದರೆ, ತಲಾ ಎರಡು ನಿಮಿಷ ಅಂದರೂ ಒಂದು ಗಂಟೆ ಮುಗಿಯಿತು. ಎರಡು ನಿಮಿಷದಲ್ಲಿ ಮಗು ಒಂದು ಸಾಲು ದಾಟಿರುವುದಿಲ್ಲ. ಶಿಕ್ಷಕರಿಗೆ ದಿನಾ ಇದನ್ನು ಮಾಡಲು ಸಾಧ್ಯವೇ ಇಲ್ಲ. ಮನೆಯಲ್ಲಿ ಕೇಳುವವರು ದಣಿದು ಬಂದಿರುತ್ತಾರೆ. ಹಾಗಾಗಿ ಎಷ್ಟೋ ಮಕ್ಕಳು ಇಡೀ ವಾರ ಯಾರ ಎದುರೂ ಒಂದು ಪುಟ ಗಟ್ಟಿಯಾಗಿ ಓದಿರುವುದಿಲ್ಲ. ಕೇಳಲು ಒಬ್ಬರು ಎದುರಿಗೆ ಕೂತರೆ ಮಗುವಿನ ಗಂಟಲೇ ಬೇರೆ ಆಗುತ್ತದೆ.

ನಮ್ಮ ಗುಂಪಿನಲ್ಲಿ ಓದು ಬರಹ ಬಾರದ ಅಜ್ಜಿಯೊಬ್ಬರಿದ್ದಾರೆ. ಮೊದಲು ‘ನಾನು ಬಂದು ಏನ್ ಮಾಡ್ಲವ್ವ’ ಅಂತ ಬಾಗಿಲಲ್ಲೇ ನಿಂತಿದ್ದರು. ಈಗ ಮೂರನೇ ಕ್ಲಾಸಿನ ಹುಡುಗರು ಅವರಿಗೆ ಓದಿ ಹೇಳಲು ಜಗಳ ಆಡುತ್ತಾರೆ. ತಪ್ಪು ಓದಿದರೆ ಅಜ್ಜಿಗೆ ಗೊತ್ತಾಗುವುದಿಲ್ಲ ಅಂತ ನೀವು ಅಂದುಕೊಳ್ಳಬಹುದು. ಗೊತ್ತಾಗುತ್ತದೆ. ಕಥೆ ಎಲ್ಲೋ ಎಡವಿದ ಕೂಡಲೇ ‘ಅದೇನ್ಲಾ, ಮತ್ತೊಂದ್ಸಲ ಹೇಳು’ ಅಂತಾರೆ. ಮಗು ಹಿಂದಕ್ಕೆ ಹೋಗಿ ಸರಿಯಾಗಿ ಓದುತ್ತದೆ. ಇನ್ನೊಬ್ಬ ತಾತ ಮನೆಯಿಂದ ಹಳೆಯ ಸೇರು, ಪಾವು ತಂದು ರಾಗಿ ಅಳೆಸಿದರು. ನಾಲ್ಕನೇ ಕ್ಲಾಸಿನ ಮಕ್ಕಳು ಕೈಯಾರೆ ಅಳೆದು ಕಾಲು, ಅರ್ಧ, ಮುಕ್ಕಾಲು ಕಲಿತರು. ಆಲೆಮನೆ ನಡೆಸುವವರು ಒಬ್ಬರು ಬಂದು ಕೊಪ್ಪರಿಗೆಯ ಕಬ್ಬಿನ ಹಾಲು ಯಾವಾಗ ಪಾಕಕ್ಕೆ ಬರುತ್ತದೆ ಅಂತ ಹೇಳಿದ ದಿನವಂತೂ ಮಕ್ಕಳು ಬೆಲ್ ಹೊಡೆದರೂ ಏಳಲಿಲ್ಲ.

ಇಷ್ಟೆಲ್ಲ ಹೇಳಿದ್ದು ನಮ್ಮ ಬೆನ್ನು ನಾವೇ ತಟ್ಟಿಕೊಳ್ಳುವುದಕ್ಕಲ್ಲ. ನಾವು ಏನು ಮಾಡಬಲ್ಲೆವು ಅಂತ ತೋರಿಸಿದರೆ ಏನು ಮಾಡಲಾರೆವು ಅನ್ನುವುದೂ ಕಾಣುತ್ತದೆ ಅಂತ. ಒತ್ತಕ್ಷರ ಬಾರದ ಮಗುವಿಗೆ ಯಾಕೆ ಬರುತ್ತಿಲ್ಲ ಅಂತ ನನಗೆ ಗೊತ್ತಾಗುವುದಿಲ್ಲ. ಕಿವಿಯ ತೊಂದರೆಯೋ, ಕಣ್ಣಿನದೋ, ಮೂಲಾಕ್ಷರವೇ ಗಟ್ಟಿಯಾಗಿಲ್ಲವೋ. ಟೀಚರ್ ಒಂದು ನಿಮಿಷ ನೋಡಿ, ‘ಇವನನ್ನ ಹಿಂದಿನ ಮೆಟ್ಟಿಲಿಗೆ ಕಳಿಸೋಣ’ ಅಂತಾರೆ. ಆ ಒಂದು ನಿಮಿಷದ ಹಿಂದೆ ಅವರ ಡಿ.ಎಡ್ ತರಬೇತಿ ಇದೆ, ವರ್ಷಗಟ್ಟಲೆ ಮಕ್ಕಳನ್ನು ನೋಡಿದ ಅನುಭವ ಇದೆ. ಟೀಚರ್ ಇದ್ದರೆ ನಮ್ಮ ಒಂದು ಗಂಟೆಗೆ ಬೆಲೆ. ಟೀಚರ್ ಇಲ್ಲದ ಕೋಣೆಯಲ್ಲಿ ನಾವು ಮಕ್ಕಳನ್ನು ಕಾಯುವವರು, ಅಷ್ಟೇ.

ಅದಕ್ಕೇ ಆ ಅಧಿಕಾರಿಯ ಮಾತು ನನಗೆ ಹೆದರಿಕೆ ತಂದಿದ್ದು. ಒಂದು ಶಾಲೆಯಲ್ಲಿ ಪೋಷಕರು ಬರುತ್ತಾರೆ ಅಂತ ಅತಿಥಿ ಶಿಕ್ಷಕರನ್ನು ತೆಗೆದರೆ, ಮುಂದಿನ ವರ್ಷ ಯಾವ ಹೆಡ್ ಮೇಷ್ಟ್ರು ಪೋಷಕರನ್ನು ಒಳಗೆ ಕರೆದಾರು? ಬಾಗಿಲು ಹಾಕಿ ‘ನಮ್ಮಲ್ಲಿ ಯಾರೂ ಬರಲ್ಲ ಸಾರ್’ ಅಂತಲೇ ಬರೆದು ಕಳಿಸುತ್ತಾರೆ. ಅವರ ತಪ್ಪೂ ಅಲ್ಲ.

ದುಡ್ಡಿಲ್ಲ ಅಂತ ನೀವು ಹೇಳುವುದು ನನಗೆ ಅರ್ಥ ಆಗುತ್ತದೆ. ಏನೂ ಮಾಡಿಲ್ಲ ಅಂತ ಹೇಳಿದರೆ ಅದು ಅನ್ಯಾಯ. ಸರ್ಕಾರಿ ಶಾಲೆಗಳ ಕರೆಂಟು, ನೀರಿನ ಬಿಲ್ಲು ಇನ್ನು ಸರ್ಕಾರದ್ದು ಅಂತ 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿಗಳು ಹೇಳಿದರು. 2025–26ರ ಬಜೆಟ್‌ನಲ್ಲಿ ಅತಿಥಿ ಶಿಕ್ಷಕರ ಗೌರವಧನ 2,000 ರೂಪಾಯಿ ಜಾಸ್ತಿ ಆಯಿತು. ವಾರದಲ್ಲಿ ಆರು ದಿನ ಮೊಟ್ಟೆ ಸಿಗುತ್ತಿದೆ, ಅದರಲ್ಲಿ ನಾಲ್ಕು ದಿನದ ಖರ್ಚು ಅಜೀಂ ಪ್ರೇಮ್‌ಜಿ ಫೌಂಡೇಶನ್‌ನದು. ಇನ್ನೊಂದು ಕಡೆ, ನಮ್ಮಂಥ 31ರಿಂದ 100 ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ವರ್ಷಕ್ಕೆ 25,000 ರೂಪಾಯಿ. ತಿಂಗಳಿಗೆ ಎರಡು ಸಾವಿರ ಚಿಲ್ಲರೆ. ಅದರಲ್ಲಿ ಹತ್ತನೇ ಒಂದು ಭಾಗ ಸ್ವಚ್ಛತೆಗೇ ಹೋಗಬೇಕು. ಉಳಿದದ್ದರಲ್ಲಿ ಸೀಮೆಸುಣ್ಣ, ರಿಜಿಸ್ಟರು, ಒಡೆದ ಹೆಂಚು, ಕೆಟ್ಟ ನಲ್ಲಿ. ಯಾವ ಮನೆಯ ಹೆಂಗಸಾದರೂ ಈ ಲೆಕ್ಕ ನೋಡಿ ನಗುತ್ತಾಳೆ.

ಹೀಗೆ ದುಡ್ಡು ಕಡಿಮೆ ಆದಾಗ ಪೋಷಕರ ಕಡೆ ತಿರುಗಿ ನೋಡುವುದು ಹೊಸದೇನಲ್ಲ. 2022ರ ಅಕ್ಟೋಬರಿನಲ್ಲಿ, ಆಗಿನ ಸರ್ಕಾರದ ಕಾಲದಲ್ಲಿ, ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ ಒಂದು ಸುತ್ತೋಲೆ ಬಂತು. ಇಷ್ಟ ಇದ್ದವರು ಕೊಡಿ ಅಂತಲೇ ಇತ್ತು. ಆದರೂ ಎಲ್ಲ ಕಡೆಯಿಂದ ಬೈಗುಳ ಬಿದ್ದು ಕೆಲವೇ ದಿನದಲ್ಲಿ ವಾಪಸ್ ಹೋಯಿತು. ನೂರು ರೂಪಾಯಿ ಕೇಳಿದರೆ ರಾಜ್ಯವೇ ಎದ್ದು ಕೂತಿತು. ಆದರೆ ಪೋಷಕರ ಸಮಯ ಕೇಳಿದರೆ ಯಾರೂ ಮಾತಾಡುವುದಿಲ್ಲ, ಅದಕ್ಕೆ ರಸೀದಿ ಇಲ್ಲವಲ್ಲ! 2025–26ರಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಕೂಲಿಗೆ ಹೋಗುವ ತಾಯಿ ತಿಂಗಳಿಗೆ ಒಂದೇ ದಿನ ಕೆಲಸ ಬಿಟ್ಟು ಶಾಲೆಗೆ ಬಂದರೂ ಅವಳು ಕೊಟ್ಟಿದ್ದು 370 ರೂಪಾಯಿ. ಗಾರ್ಮೆಂಟ್ಸ್‌ನವಳು ರಜೆ ಹಾಕಿದರೆ ಸಂಬಳದಲ್ಲಿ ಕಟ್.

ಹಾಗಾಗಿ ಶಾಲೆಗೆ ಬರಲು ಆಗುವುದು ನನ್ನಂಥವರಿಗೆ ಮಾತ್ರ. ಮನೆಯಲ್ಲೇ ಕೆಲಸ ಇರುವವರು, ವಯಸ್ಸಾದವರು, ಸ್ವಂತ ಜಮೀನು ಇರುವವರು. ಕಬ್ಬು ಕಡಿಯುವ ಕಾಲದಲ್ಲಿ ಅವರೂ ಇಲ್ಲ. ಇದನ್ನು ಜಿಲ್ಲೆಗೆ ಹಿಗ್ಗಿಸಿ ನೋಡಿ. ಮೈಸೂರಿನ ಕುವೆಂಪುನಗರದಂಥ ಬಡಾವಣೆಯ ಸುತ್ತ ನಿವೃತ್ತ ಲೆಕ್ಚರರುಗಳು, ಬ್ಯಾಂಕಿನವರು ಎಷ್ಟು ಬೇಕಾದರೂ ಸಿಗುತ್ತಾರೆ. ಎಚ್.ಡಿ. ಕೋಟೆಯ ಬುಡಕಟ್ಟು ಜನರ ಹಾಡಿಯ ಶಾಲೆಗೆ ಯಾರು ಸಿಗುತ್ತಾರೆ? ಸಮಯ ಇರುವವರ ಊರಿನ ಶಾಲೆ ಮುಂದೆ ಹೋಗುತ್ತದೆ, ಕೂಲಿಯವರ ಊರಿನ ಶಾಲೆ ಅಲ್ಲೇ ಉಳಿಯುತ್ತದೆ. ಸ್ವಯಂಸೇವಕರಿಗೆ ಅಂತ ಕೇಂದ್ರ ಸರ್ಕಾರ 2021ರ ಸೆಪ್ಟೆಂಬರಿನಲ್ಲಿ ವಿದ್ಯಾಂಜಲಿ 2.0 ಜಾಲತಾಣ ತೆರೆದಿದೆ. ಒಳ್ಳೆಯದೇ. ಆದರೆ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸುವವರು ಯಾವ ಊರಿನವರು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು, ಕೆಲವರಿಗೆ ಇಷ್ಟ ಆಗದಿರಬಹುದು. ನಮ್ಮ ಕಡೆ ಶಾಲೆಗೆ ಸೇವೆ ಅಂದರೆ ಹೆಂಗಸರಿಗೆ ಪೊರಕೆ, ಗಂಡಸರಿಗೆ ಹಾರ. ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಅಂತ ಕಾನೂನಿದೆ. ಹಾಜರಿ ಪುಸ್ತಕದಲ್ಲಿ ಇರುತ್ತಾರೆ ಕೂಡ. ಆದರೆ ಶೌಚಾಲಯ ತೊಳೆಯಲು ಜನ ಇಲ್ಲ ಅಂದಾಗ ಎಲ್ಲರ ಕಣ್ಣು ತಾಯಂದಿರ ಕಡೆ ಹೋಗುತ್ತದೆ. ಅದರಲ್ಲೂ ಕೆಲವು ಮನೆಯ ತಾಯಂದಿರ ಕಡೆ. ನಾವು ಶುರುವಿನಲ್ಲೇ ಹೇಳಿಬಿಟ್ಟೆವು, ಶೌಚಾಲಯಕ್ಕೆ ಅನುದಾನದಲ್ಲಿ ಆಳು ಇಡಿ, ನಾವು ಬರುವುದು ಮಕ್ಕಳ ಪಕ್ಕ ಕೂರಲು.

ಯಾರ ತಾಯಿ ಒಳಗೆ ಬಂದು ಕಥೆ ಹೇಳಬಹುದು ಅನ್ನುವ ಪ್ರಶ್ನೆಯೂ ಹಳ್ಳಿಯಲ್ಲಿ ಸಣ್ಣದಲ್ಲ. 2025ರಲ್ಲಿ ಪಕ್ಕದ ಚಾಮರಾಜನಗರ ಜಿಲ್ಲೆಯ ಶಾಲೆಯೊಂದರಲ್ಲಿ ದಲಿತ ಮಹಿಳೆ ಮುಖ್ಯ ಅಡುಗೆಯವರಾದರು ಅಂತ ಪೋಷಕರು ಮಕ್ಕಳ ಟಿಸಿ ತೆಗೆದುಕೊಂಡು ಹೋದ ಸುದ್ದಿ ನೀವೂ ಓದಿದ್ದೀರಿ. ಪೋಷಕರನ್ನು ಒಳಗೆ ಕರೆಯುವಾಗ ಊರು ತನ್ನ ಜಾತಿಯನ್ನೂ ಜೊತೆಗೇ ಕರೆದುಕೊಂಡು ಬರುತ್ತದೆ. ಯಾರು ಬರಬೇಕು ಅನ್ನುವುದನ್ನು ಊರಿನ ದೊಡ್ಡವರಿಗೆ ಬಿಟ್ಟರೆ ಆಗುವುದಿಲ್ಲ. ಎಲ್ಲ ಕೇರಿಯ ಪೋಷಕರಿಗೂ ಸರದಿ ಇರಬೇಕು, ಆ ಸರದಿಯ ಪಟ್ಟಿಯನ್ನು ಹೆಡ್ ಮೇಷ್ಟ್ರು ಗೋಡೆಗೆ ಅಂಟಿಸಬೇಕು. ನಮ್ಮಲ್ಲಿ ಹಾಗೆ ಮಾಡಿದ ಮೇಲೆ ಒಂದಿಬ್ಬರು ಮುಖ ಗಂಟಿಕ್ಕಿದರು. ಈಗ ಸರಿಹೋಗಿದ್ದಾರೆ, ಅಥವಾ ಸುಮ್ಮನಿದ್ದಾರೆ. ಎರಡರಲ್ಲಿ ಯಾವುದು ಅಂತ ನಾನು ಹೋಗಿ ಕೇಳಿಲ್ಲ.

ಶಿಕ್ಷಕರ ಕಡೆಯಿಂದಲೂ ಯೋಚಿಸಬೇಕು. ಹಿಂದೆ ಕೂತು ಯಾರೋ ನೋಡುತ್ತಿದ್ದಾರೆ ಅಂದರೆ ಯಾರಿಗಾದರೂ ಇರುಸುಮುರುಸು. ತರಗತಿಯಲ್ಲಿ ಕಂಡಿದ್ದು ಸಂಜೆ ಹಾಲಿನ ಡೇರಿ ಹತ್ತಿರ ಸುದ್ದಿ ಆಗುತ್ತದೆ. ಯಾರ ಮಗನಿಗೆ ಮಗ್ಗಿ ಬರಲ್ಲ, ಟೀಚರ್ ಯಾರಿಗೆ ಬೈದರು ಅನ್ನುವುದು ಕ್ಯಾನಿನ ಜೊತೆಗೇ ಮನೆಮನೆಗೆ ಹೋಗುತ್ತದೆ. ಅದಕ್ಕೆ ನಾವೇ ಒಂದು ಕಟ್ಟಳೆ ಮಾಡಿಕೊಂಡೆವು. ಕೋಣೆಯಲ್ಲಿ ಕಂಡಿದ್ದು ಕೋಣೆಯಲ್ಲೇ. ಮಗುವಿನ ಬಗ್ಗೆ ಹೇಳುವುದಿದ್ದರೆ ಟೀಚರಿಗೆ. ಫೋಟೋ ತೆಗೆಯುವಂತಿಲ್ಲ, ಸ್ಟೇಟಸ್ ಹಾಕುವಂತಿಲ್ಲ. ತನ್ನ ಮಗು ಇರುವ ಗುಂಪಿನಲ್ಲಿ ತಾಯಿ ಕೂರುವಂತಿಲ್ಲ, ಯಾಕೆಂದರೆ ಆಗ ಆ ಮಗುವೂ ಕಲಿಯಲ್ಲ, ಬೇರೆಯವೂ ಕಲಿಯಲ್ಲ. ಯಾವ ಮಗುವಿನ ಜೊತೆಗೂ ದೊಡ್ಡವರೊಬ್ಬರೇ ಬೇರೆ ಕೋಣೆಗೆ ಹೋಗುವಂತಿಲ್ಲ. ಈ ಕೊನೆಯದು ನಮ್ಮ ಊರಿನ ಕಟ್ಟಳೆ ಆಗಿ ಉಳಿಯಬಾರದು, ಇಲಾಖೆಯ ನಿಯಮ ಆಗಬೇಕು. ಪೋಷಕರು ಅಂದ ಮಾತ್ರಕ್ಕೆ ಎಲ್ಲರೂ ನಂಬಿಕಸ್ಥರು ಅಂತ ಅಂದುಕೊಳ್ಳುವ ಕಾಲ ಇದಲ್ಲ. ಪೋಕ್ಸೊ ಕಾಯ್ದೆ ಬಂದಿದ್ದೇ 2012ರಲ್ಲಿ, ಯಾಕೆ ಬಂತು ಅಂತ ಎಲ್ಲರಿಗೂ ಗೊತ್ತು.

ನಮ್ಮ ಅಜ್ಜನ ಕಾಲದವರು ಕೂಲಿಮಠದ ಕಥೆ ಹೇಳುತ್ತಿದ್ದರು. ಅದು ಆಗಿನ ಹಳ್ಳಿ ಶಾಲೆ, ಅಲ್ಲಿ ಪಾಠ ಹೇಳುವ ಅಯ್ಯಗಳಿಗೆ ಮನೆಮನೆಯಿಂದ ರಾಗಿ, ಭತ್ತ ಹೋಗುತ್ತಿತ್ತು. ಕೊಡಬಲ್ಲವರ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ. ಉಳಿದವರಿಗೆ ದನ, ಕುರಿ. ಆಮೇಲೆ ಮೈಸೂರು ಸಂಸ್ಥಾನವು 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಪ್ರಾಥಮಿಕ ಶಿಕ್ಷಣಕ್ಕೆ ಅಂತ ಕಾಯ್ದೆ ತಂದಿತು. ಮೇಷ್ಟ್ರ ಸಂಬಳ ಊರಿನವರ ಕಣಜದಿಂದ ಸರ್ಕಾರದ ಖಜಾನೆಗೆ ಹೋಗಲು ಎಷ್ಟೋ ವರ್ಷ ಹಿಡಿಯಿತು. ಊರಿನವರು ಅಷ್ಟಕ್ಕೇ ಕೈ ತೊಳೆದುಕೊಳ್ಳಲಿಲ್ಲ. ಜಾಗ ಕೊಟ್ಟರು, ಗೋಡೆ ಕಟ್ಟಿದರು, ಈಗಲೂ ಹಬ್ಬಕ್ಕೆ ಸುಣ್ಣ ಬಳಿಯುತ್ತಾರೆ. ಆದರೆ ಪಾಠ ಹೇಳುವವರ ಹೊಣೆ ಸರ್ಕಾರದ್ದು ಅನ್ನುವುದು ಗಟ್ಟಿಯಾಗಿತ್ತು. ಪೋಷಕರು ಇದ್ದಾರಲ್ಲ ಅಂತ ಒಂದು ಹುದ್ದೆ ಬಿಟ್ಟರೆ ನಾವು ತಿರುಗಿ ಕೂಲಿಮಠದ ದಾರಿಗೇ ಬೀಳುತ್ತೇವೆ. ಈ ಸಲ ರಾಗಿಯ ಬದಲು ತಾಯಂದಿರ ದುಡಿಮೆ.

ಇನ್ನು ನಮ್ಮ ಬೇಡಿಕೆಗೆ ಬರುತ್ತೇನೆ. ಇದಕ್ಕೆ ಹೊಸ ಯೋಜನೆ, ಹೊಸ ಲೋಗೋ, ಉದ್ಘಾಟನೆ ಯಾವುದೂ ಬೇಡ. ಒಂದು ಪುಟದ ಸುತ್ತೋಲೆ ಸಾಕು.

ಅದರ ಮೊದಲ ಸಾಲು ಹೀಗಿರಲಿ: ತರಗತಿಗೆ ಬರುವ ಪೋಷಕರನ್ನು ಯಾವ ಕಾರಣಕ್ಕೂ ಶಿಕ್ಷಕರ ಲೆಕ್ಕಕ್ಕೆ ಹಿಡಿಯಬಾರದು. ಖಾಲಿ ಹುದ್ದೆ ತುಂಬುವಾಗ, ಅತಿಥಿ ಶಿಕ್ಷಕರನ್ನು ಹಂಚುವಾಗ, ಶಾಲೆಗಳನ್ನು ಒಂದಕ್ಕೊಂದು ಸೇರಿಸುವ ಮಾತು ಬಂದಾಗ ನಮ್ಮ ಹೆಸರು ಬರಬಾರದು. ಶಿಕ್ಷಕರು ಕೋಣೆಯಲ್ಲಿ ಇಲ್ಲದಾಗ ಪೋಷಕರ ಕೈಗೆ ತರಗತಿ ಒಪ್ಪಿಸಬಾರದು. ಸಮೀಕ್ಷೆಗೆ, ಮತದಾರರ ಪಟ್ಟಿ ನೋಡುವ ಬಿಎಲ್‌ಒ ಕೆಲಸಕ್ಕೆ ಶಿಕ್ಷಕರನ್ನು ಕಳಿಸುವಾಗಲೂ ಅಷ್ಟೇ. 2027ರ ಮಾರ್ಚ್ 1ನ್ನು ಜನಗಣತಿಯ ಎಣಿಕೆಯ ದಿನ ಅಂತ ಕೇಂದ್ರ ಸರ್ಕಾರ ಘೋಷಿಸಿದೆ. ಅದು ಕಾನೂನಿನಲ್ಲೇ ಇರುವ ಕೆಲಸ, ಶಿಕ್ಷಕರು ಹೋಗಲೇಬೇಕು, ಸರಿ. ಆದರೆ ಪರೀಕ್ಷೆಯ ಹೊಸ್ತಿಲಲ್ಲಿ ಇಬ್ಬರೇ ಶಿಕ್ಷಕರಿರುವ ಶಾಲೆಯಿಂದ ಇಬ್ಬರನ್ನೂ ಒಟ್ಟಿಗೆ ಎಬ್ಬಿಸಬೇಡಿ. ‘ತಾಯಂದಿರು ಇದ್ದಾರಲ್ಲ’ ಅನ್ನುವ ಮಾತು ಆಗಲೂ ಬರುತ್ತದೆ ಅಂತ ನನಗೆ ಈಗಲೇ ಗೊತ್ತು.

ಅತಿಥಿ ಶಿಕ್ಷಕರು ಮೇ ಕೊನೆಯಲ್ಲಿ ಶಾಲೆ ತೆರೆಯುವ ದಿನವೇ ಬಾಗಿಲಲ್ಲಿರಲಿ. ಅವರು ತಡವಾಗಿ ಬರುವ ಪ್ರತಿ ವಾರವೂ ಮಕ್ಕಳು ಕಳೆದುಕೊಳ್ಳುವ ವಾರ. ಬಂದ ಮೇಲೆ ಗೌರವಧನ ತಿಂಗಳಿಗೆ ಸರಿಯಾಗಿ ಕೊಡಿ. ಬಸ್ ಚಾರ್ಜಿಗೆ ಸಾಲ ಮಾಡಿ ಬರುವವರು ಎಷ್ಟು ಉತ್ಸಾಹದಿಂದ ಪಾಠ ಮಾಡಿಯಾರು?

ಪೋಷಕರು ಬರುವ ಹೊತ್ತನ್ನು ಶಾಲೆ ತಾನೇ ಗೊತ್ತು ಮಾಡಿಕೊಳ್ಳಲು ಬಿಡಿ. ಶನಿವಾರ ಬೆಳಗಿನ ಶಾಲೆ ಇದ್ದಾಗ ಒಂದು ಗಂಟೆ ಅಂತ ಇಟ್ಟರೆ ಕೂಲಿಯವರೂ ಆಗಾಗ ಬರಬಹುದು, ಆಮೇಲೆ ಹೊಲಕ್ಕೆ ಹೋಗಬಹುದು. ವರ್ಷದ ಶುರುವಿನಲ್ಲಿ, ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಸಮೂಹ ಸಂಪನ್ಮೂಲ ವ್ಯಕ್ತಿಗಳು ಅರ್ಧ ದಿನ ಬಂದು ನಲಿಕಲಿ ಕಾರ್ಡು ಅಂದರೇನು, ಮಗು ಓದುವಾಗ ಎಲ್ಲಿ ಬಾಯಿ ಹಾಕಬಾರದು ಅಂತ ತೋರಿಸಿದರೆ ನಾವು ಕತ್ತಲೆಯಲ್ಲಿ ತಡಕಾಡುವುದು ತಪ್ಪುತ್ತದೆ. ಸಣ್ಣ ಅನುದಾನದಲ್ಲಿ ಒಂದು ಕಥೆ ಪುಸ್ತಕದ ಕಟ್ಟು ಕೊಳ್ಳಲು ಬಿಡಿ. ಮಕ್ಕಳು ಇರುವ ಪುಸ್ತಕಗಳನ್ನೆಲ್ಲ ನಮ್ಮೆದುರು ಓದಿ ಮುಗಿಸಿ ಈಗ ನೋಡದೇ ಹೇಳುತ್ತಿದ್ದಾರೆ. ಅದು ಓದು ಅಲ್ಲ, ಬಾಯಿಪಾಠ.

ಪ್ರತಿ ಶಾಲೆಗೂ ಪೋಷಕರ ಭೇಟಿ ಗುರಿ ಅಂತ ಕೊಟ್ಟು ಅದಕ್ಕೊಂದು ಆ್ಯಪ್ ಮಾತ್ರ ಮಾಡಬೇಡಿ, ಕೈ ಮುಗಿಯುತ್ತೇನೆ. ಆ ಆ್ಯಪ್ ತುಂಬುವವರೂ ಅದೇ ಟೀಚರ್.

ಊರಿನ ಅಪ್ಪ ಅಮ್ಮಂದಿರಿಗೆ ಎರಡು ಮಾತು. 2001ರಲ್ಲಿ, ರಾಜಾ ರಾಮಣ್ಣ ಅವರ ಕಾರ್ಯಪಡೆ ಹೇಳಿದ ಮೇಲೆ, ಎಸ್‌ಡಿಎಂಸಿ ಬಂತು. ಆಗಿನಿಂದ ಶಾಲೆಯೊಳಗೆ ಕಾಲಿಡುವ ಹಕ್ಕು ನಮಗಿದೆ. ಶಾಲಾಭಿವೃದ್ಧಿ ಯೋಜನೆ ಮಾಡುವವರು ನಾವು, ಅನುದಾನ ಹೇಗೆ ಖರ್ಚಾಯಿತು ಅಂತ ನೋಡುವವರೂ ನಾವೇ. ಸ್ವಾತಂತ್ರ್ಯ ದಿನ, ರಾಜ್ಯೋತ್ಸವಕ್ಕೆ ಬಂದು ಸಿಹಿ ತಿಂದು ಹೋದರೆ ಈ ಹಕ್ಕು ಕಾಗದದಲ್ಲೇ ಇರುತ್ತದೆ. ನಿಮ್ಮ ಶಾಲೆಯ ಟೀಚರ್ ಹತ್ತಿರ ಹೋಗಿ, ನಮ್ಮಿಂದ ಏನಾಗಬೇಕು ಅಂತ ಕೇಳಿ. ಪಾಠ ಮಾಡುತ್ತೇವೆ ಅನ್ನಬೇಡಿ. ಓದುವುದನ್ನು ಕೇಳುತ್ತೇವೆ ಅನ್ನಿ. ಹಾಗೆಯೇ ಖಾಲಿ ಹುದ್ದೆಗೆ ಅರ್ಜಿ ಬರೆಯುವುದನ್ನೂ ನಿಲ್ಲಿಸಬೇಡಿ. ಎರಡನ್ನೂ ಒಟ್ಟಿಗೆ ಮಾಡಬೇಕು. ಮಾಡಬಹುದು ಕೂಡ.

ನಮ್ಮ ಶಾಲೆಯಲ್ಲಿ ಈಗ ಪೋಷಕರಿಗೆ ಅಂತ ಬೇರೆ ಹಾಜರಿ ಪುಸ್ತಕ ಇಟ್ಟಿದ್ದೇವೆ. ಬಂದವರ ಹೆಸರು, ಬಂದ ಹೊತ್ತು, ಮಾಡಿದ ಕೆಲಸ ಬರೆಯುತ್ತೇವೆ. ಆ ಕೋಣೆಯಲ್ಲಿ ಆಗ ಯಾವ ಶಿಕ್ಷಕರು ಇದ್ದರು ಅನ್ನುವುದಕ್ಕೂ ಒಂದು ಕಾಲಂ ಇದೆ. ಆ ಕಾಲಂ ಖಾಲಿ ಬಿದ್ದ ದಿನ ನಾವು ಕ್ಲಾಸು ತೆಗೆದುಕೊಳ್ಳುವುದಿಲ್ಲ, ಎಸ್‌ಡಿಎಂಸಿಯಿಂದ ಮೇಲಿನವರಿಗೆ ಪತ್ರ ಬರೆಯುತ್ತೇವೆ ಅಂತ ಸಭೆಯಲ್ಲಿ ಠರಾವು ಮಾಡಿದ್ದೇವೆ. ಅತಿಥಿ ಶಿಕ್ಷಕರಿಗಾಗಿ ಈ ಸಲ ಕಳಿಸುವ ಅರ್ಜಿಯ ಜೊತೆಗೆ ಆ ಪುಸ್ತಕದ ನಕಲನ್ನೂ ಇಡುತ್ತೇವೆ. ನೋಡಿ ಉತ್ತರ ಬರೆಯಿರಿ. ಫೋನಿನಲ್ಲಿ ಹ್ಞೂಂ ಅಂದರೆ ಆಗುವುದಿಲ್ಲ, ಕಾಗದದಲ್ಲೇ ಬೇಕು.

ಇಂತಿ,
ಮಂಡ್ಯ ಜಿಲ್ಲೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರ ಎಸ್‌ಡಿಎಂಸಿ ಸದಸ್ಯೆ, ಎರಡನೇ ಕ್ಲಾಸಿನ ಹುಡುಗಿಯೊಬ್ಬಳ ತಾಯಿ